ಬೇರಿಗೆ ಸುದ್ದಿ ಬರುವುದು ಚಿಗುರಿನಿಂದ

ಬೇರು ಮಣ್ಣಿನ ಕೆಲಸ, ಎಲೆ ಬೆಳಕಿನ ಕೆಲಸ, ಒಂದಕ್ಕೊಂದು ಸಂಬಂಧವಿಲ್ಲ ಎಂದು ನಮ್ಮಲ್ಲಿ ಹಲವರು ಅಂದುಕೊಂಡಿದ್ದೇವೆ. ಆದರೆ ಬೇರು ಹುಟ್ಟಬೇಕೆಂಬ ಸುದ್ದಿ ಬಹುಮಟ್ಟಿಗೆ ಮೇಲಿನ ಚಿಗುರಿನಿಂದಲೇ ಬರುತ್ತದೆ. ಸುದ್ದಿ ತರುವ ಹಾರ್ಮೋನಿನ ಹೆಸರು ಆಕ್ಸಿನ್. ಗಿಡ ಬೆಳಕಿನ ಕಡೆ ಬಾಗಲು ಇದೇ ಕಾರಣ ಎಂದು ಹತ್ತನೇ ತರಗತಿಯಲ್ಲಿ ಬರೆದು ಅಂಕ ಪಡೆದಿದ್ದೇವೆ. ಕಾಮರ್ಸ್ ಸೇರಿದ ಮೇಲೆ ನಾನು ಅದನ್ನು ಮತ್ತೆ ಓದಿದ್ದು ಒಂದು ಮೆಹಂದಿ ಗಿಡಕ್ಕಾಗಿ.

ನನ್ನ ನಾನಿಯ ಹಳೇ ಮನೆ ಮಾರಾಟವಾಯಿತು. ಹಿತ್ತಲಿನ ಮೆಹಂದಿ ಗಿಡವನ್ನು ಕಿತ್ತು ತರುವಂತಿಲ್ಲ, ಅದಕ್ಕೆ ನಮ್ಮ ಅಮ್ಮಿಯಷ್ಟು ವಯಸ್ಸು. ಈದ್ ಹಿಂದಿನ ರಾತ್ರಿ ನಮ್ಮೆಲ್ಲರ ಕೈಗೆ ಅದರ ಎಲೆಯನ್ನೇ ಅರೆದು ಹಚ್ಚುತ್ತಿದ್ದರು. ಹಾಗಾಗಿ ಹತ್ತು ಕಡ್ಡಿ ಕತ್ತರಿಸಿ ತಂದೆವು. ಎಲೆಗಳನ್ನೆಲ್ಲ ತೆಗೆದುಬಿಡೋಣ ಎಂದು ಭಾಯಿ ಹೇಳಿದಾಗ ನಾನಿ ಒಪ್ಪಲಿಲ್ಲ. ತುದಿಯ ಕುಡಿ ಮತ್ತು ನಾಲ್ಕು ಎಲೆ ಇರಲೇಬೇಕು ಎಂದರು.

ಅದಕ್ಕೆ ಕಾರಣವಿದೆ. ಆಕ್ಸಿನ್ ಹೆಚ್ಚಾಗಿ ತಯಾರಾಗುವುದು ಕುಡಿಯಲ್ಲಿ, ಎಳೆಯ ಎಲೆಗಳಲ್ಲಿ. ಅಲ್ಲಿಂದ ಅದು ಒಂದು ಜೀವಕೋಶದಿಂದ ಮತ್ತೊಂದಕ್ಕೆ ದಾಟುತ್ತಾ, ಗಂಟೆಗೆ ಸುಮಾರು 1 ಸೆಂಟಿಮೀಟರ್‌ನಂತೆ ಕೆಳಗಿಳಿಯುತ್ತದೆ. ಕಡ್ಡಿ ಕತ್ತರಿಸಿದ ಜಾಗದಲ್ಲಿ ದಾರಿ ಮುಗಿಯುತ್ತದೆ, ಆಕ್ಸಿನ್ ಅಲ್ಲೇ ಶೇಖರವಾಗುತ್ತದೆ. ಆಗ ಕಾಂಡದ ಕೋಶಗಳೇ ವಿಭಜನೆಯಾಗಿ ಹೊಸ ಬೇರು ಮೂಡುತ್ತದೆ. ಈ ಇಳಿಯುವಿಕೆ ಬರೀ ಭಾರದಿಂದ ಆಗುವುದಲ್ಲ. 19ನೇ ಶತಮಾನದಲ್ಲೇ ಜರ್ಮನಿಯ ಫೋಖ್ಟಿಂಗ್ ಎಂಬ ವಿಜ್ಞಾನಿ ವಿಲೋ ಮರದ ಕಡ್ಡಿಯನ್ನು ತೇವದ ಗಾಳಿಯಲ್ಲಿ ತಲೆಕೆಳಗಾಗಿ ನೇತುಹಾಕಿದ್ದರು. ಬೇರು ಹೆಚ್ಚಾಗಿ ಬಂದದ್ದು ಮರದಲ್ಲಿದ್ದಾಗ ಕೆಳಗಿದ್ದ ತುದಿಯಲ್ಲೇ, ಅಂದರೆ ಈಗ ಮೇಲಾದ ತುದಿಯಲ್ಲಿ! ಯಾವುದು ಮೇಲು, ಯಾವುದು ಕೆಳಗು ಎಂಬುದು ಕಡ್ಡಿಗೇ ಗೊತ್ತು.

ಹಾಗಂತ ಎಲ್ಲ ಎಲೆ ಉಳಿಸಿದರೂ ಕಷ್ಟ. ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಎಳೆದುಕೊಳ್ಳಲು ಬೇರಿಲ್ಲ. ಆದಾಯವಿಲ್ಲದೆ ಖರ್ಚು ಮಾಡಿದ ಹಾಗೆ. ಇದು ಕಾಮರ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ.

ನರ್ಸರಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಇಂಡೋಲ್ ಬ್ಯುಟೈರಿಕ್ ಆಮ್ಲ, ಅದೂ ಒಂದು ಆಕ್ಸಿನ್. ಜಾಸ್ತಿ ಹಚ್ಚಿದರೆ ಜಾಸ್ತಿ ಲಾಭವಿಲ್ಲ. ಹೊಸ ಬೇರನ್ನು ಹುಟ್ಟಿಸುವಷ್ಟು ಪ್ರಮಾಣದ ಆಕ್ಸಿನ್, ಹುಟ್ಟಿದ ಬೇರು ಉದ್ದವಾಗುವುದನ್ನು ತಡೆಯಬಲ್ಲದು.

ಇನ್ನೊಂದು ಮಾತು. ನೆಟ್ಟ ಕಡ್ಡಿ ಚಿಗುರಿದರೆ ಬೇರು ಬಂದೇ ಬಿಟ್ಟಿದೆ ಎನ್ನುವಂತಿಲ್ಲ. ಕಾಂಡದಲ್ಲಿ ಉಳಿದಿರುವ ಆಹಾರದಿಂದಲೂ ಚಿಗುರಬಹುದು. ನಮ್ಮ ಹತ್ತರಲ್ಲಿ ಆರು ಚಿಗುರಿವೆ. ಕಿತ್ತು ನೋಡಲು ನಾನಿ ಬಿಡುತ್ತಿಲ್ಲ.