ಏಳು ರಾತ್ರಿಗೆ 54,280 ರೂಪಾಯಿ

ಟೈಮ್‌ಶೇರ್ ಮೆಂಬರ್‌ಶಿಪ್ 4 ಲಕ್ಷ ರೂ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 4.72 ಲಕ್ಷ. ವರ್ಷಕ್ಕೆ ನಿರ್ವಹಣಾ ಶುಲ್ಕ 18,000, ತೆರಿಗೆ ಸೇರಿ 21,240. ಇದಕ್ಕೆ ಪ್ರತಿಯಾಗಿ 25 ವರ್ಷ ಕಾಲ ವರ್ಷಕ್ಕೆ 7 ರಾತ್ರಿ ರೆಸಾರ್ಟ್ ವಾಸ. ಇದು ಯಾವುದೇ ಕಂಪನಿಯ ದರಪಟ್ಟಿಯಲ್ಲ, ಲೆಕ್ಕಕ್ಕೆಂದು ಹಿಡಿದುಕೊಂಡ ಅಂಕಿ. ನಿಮ್ಮ ಕೈಗೆ ಬಂದ ಅಂಕಿಗಳನ್ನು ಇದೇ ಜಾಗದಲ್ಲಿಟ್ಟು ನೋಡಿ.

ಟೈಮ್‌ಶೇರ್ ಮಾರುವವರು ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎನ್ನುತ್ತಾರೆ. ಮೇಜಿನ ಮೇಲೆ ಬಿಳಿ ಹಾಳೆ ಹರಡಿ 12,000 × 7 × 25 ಎಂದು ಬರೆದು, 21 ಲಕ್ಷ ಎಂಬ ಮೊತ್ತಕ್ಕೆ ಎರಡು ಸುತ್ತು ವೃತ್ತ ಹಾಕುತ್ತಾರೆ. ಹೋಟೆಲಿಗೆ ಸುರಿಯುವ ದುಡ್ಡು ಅದು, ನಮ್ಮಲ್ಲಿ ಬರೀ 4 ಲಕ್ಷ! ನಿರ್ವಹಣಾ ಶುಲ್ಕ ಮಾತ್ರ ಆ ಹಾಳೆಗೆ ಇಳಿಯುವುದೇ ಇಲ್ಲ. ಅದು ವರ್ಷಕ್ಕೆ ಶೇ 6ರಂತೆ ಏರಿದರೆ 25 ವರ್ಷಕ್ಕೆ 11.65 ಲಕ್ಷ ಆಗುತ್ತದೆ. ಮೊದಲು ಕೊಟ್ಟದ್ದರ ಹತ್ತಿರಹತ್ತಿರ ಎರಡೂವರೆ ಪಟ್ಟು. ಹೋಗಲಿ, ಬಿಡಲಿ, ಕಟ್ಟಲೇಬೇಕು.

ಬೆಂಗಳೂರಿನ ಶ್ರೀರಾಂಪುರದ ಮನೆಯೊಂದು ಅದೇ 4.72 ಲಕ್ಷವನ್ನು ಬ್ಯಾಂಕಿನಲ್ಲಿ ಶೇ 7ಕ್ಕೆ ಎಫ್‌ಡಿ ಇಟ್ಟಿತು ಎನ್ನಿ. ವರ್ಷಕ್ಕೆ 33,040 ಬಡ್ಡಿ (ಆದಾಯ ತೆರಿಗೆ ಬೇರೆ). ಉಳಿಸಿದ ಶುಲ್ಕ 21,240 ಸೇರಿಸಿದರೆ 54,280. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 7,754.

2025ರ ಸೆಪ್ಟೆಂಬರ್ 22ರಿಂದ 7,500 ರೂ.ವರೆಗಿನ ಹೋಟೆಲ್ ಕೋಣೆಗೆ ಜಿಎಸ್‌ಟಿ ಶೇ 5. ಅಂದರೆ 7,875. ಏಳು ರಾತ್ರಿಗೆ 55,125. ವ್ಯತ್ಯಾಸ ಬರೀ 845 ರೂಪಾಯಿ, ಅಸಲು ಬ್ಯಾಂಕಿನಲ್ಲೇ ಇದೆ. ಆದರೆ ಮನೆಯಲ್ಲಿ ನಾಲ್ವರಿದ್ದರೆ ಹೋಟೆಲಿನಲ್ಲಿ ಎರಡು ಕೋಣೆ ಬೇಕಾದೀತು, ಲೆಕ್ಕ ತಿರುಗಿಬೀಳುತ್ತದೆ. ಕೋಣೆ ದರ ವರ್ಷ ವರ್ಷ ಏರುತ್ತದೆ, ಎಫ್‌ಡಿ ಬಡ್ಡಿ ಇದ್ದಲ್ಲೇ ಇರುತ್ತದೆ ಎಂಬುದೂ ಟೈಮ್‌ಶೇರ್ ಪರವಾದ ಮಾತೇ. ಅಡುಗೆಮನೆ ಇರುವ ಒಂದು ಬೆಡ್‌ರೂಮಿನ ಫ್ಲ್ಯಾಟ್, ನಾಲ್ಕು ಜನ, ಏಳೂ ರಾತ್ರಿ: ಇಷ್ಟು ಪಾಲಿಸುವ ಕುಟುಂಬಕ್ಕೆ ನಷ್ಟವಿಲ್ಲ. ನಾಲ್ಕೇ ರಾತ್ರಿ ಹೋದವರಿಗೆ ಮಾತ್ರ ರಾತ್ರಿಗೆ 13,570 ಬೀಳುತ್ತದೆ.

ಐಷಾರಾಮದ ಮಾತೇ ಬೇರೆ. ರೇಸ್‌ಕೋರ್ಸ್ ರಸ್ತೆಯ ತಾಜ್ ವೆಸ್ಟ್ ಎಂಡ್ 1887ರಲ್ಲಿ ಹತ್ತು ಕೋಣೆಯ ವಸತಿಗೃಹವಾಗಿ ಶುರುವಾಯಿತು, ಈಗ ಅದರ ಆವರಣ 20 ಎಕರೆ. ಶ್ರೀರಾಂಪುರದಿಂದ ಆಟೊ ಹತ್ತಿದರೆ ಅಷ್ಟೇನೂ ದೂರವಲ್ಲ. ಅಂಥ ಹೋಟೆಲಿನ ಕೋಣೆ 15,000 ಎಂದಿಟ್ಟುಕೊಂಡರೆ, ಶೇ 18 ತೆರಿಗೆಯೊಂದಿಗೆ 17,700. ಮೂರು ರಾತ್ರಿಗೆ 53,100. ಸಾಮಾನ್ಯವಾಗಿ ಬೆಳಗಿನ ತಿಂಡಿ ಅದರಲ್ಲೇ, ನಡುರಾತ್ರಿ ಕರೆದರೂ ಕಾಫಿ ಬರುತ್ತದೆ. ಟೈಮ್‌ಶೇರ್‌ನಲ್ಲಿ ಊಟ ತಿಂಡಿ ಬಹುಪಾಲು ನಿಮ್ಮ ಖರ್ಚು. ತಲೆಗೆ ದಿನಕ್ಕೆ 1,200 ಎಂದರೂ ನಾಲ್ವರಿಗೆ ಏಳು ದಿನಕ್ಕೆ 33,600. ಬ್ರೋಷರಿನ ಈಜುಕೊಳ ನೋಡಿ ಪಂಚತಾರಾ ಉಪಚಾರ ನಿರೀಕ್ಷಿಸಿದವರು ಗೊಣಗುವುದು ಇಲ್ಲೇ.

1996ರಲ್ಲಿ ಶುರುವಾದ ಕ್ಲಬ್ ಮಹೀಂದ್ರದಂಥ ಯೋಜನೆಯಲ್ಲಿ ಪರ್ಪಲ್, ರೆಡ್, ವೈಟ್, ಬ್ಲೂ ಎಂದು ವರ್ಷವನ್ನು ನಾಲ್ಕು ಬಣ್ಣಕ್ಕೆ ಭಾಗ ಮಾಡಿದ್ದಾರೆ. ಅಗ್ಗದ ಬ್ಲೂ ಕೊಂಡವರಿಗೆ ಬೇಡಿಕೆ ಕಡಿಮೆಯಿರುವ ದಿನಗಳೇ ಗತಿ. ನಮ್ಮ ಮಕ್ಕಳ ರಜೆ ದಸರೆಗೆ, ಏಪ್ರಿಲ್‌–ಮೇಗೆ. ಇನ್ನು "ಮಾಲೀಕತ್ವ" ಎನ್ನುತ್ತಾರಲ್ಲ, ಮಡಿಕೇರಿಯ ರೆಸಾರ್ಟಿನಲ್ಲಿ ಒಂದು ಗೇಣು ನೆಲವೂ ನಿಮ್ಮ ಹೆಸರಿಗೆ ನೋಂದಣಿಯಾಗುವುದಿಲ್ಲ. ಸಿಗುವುದು ಉಳಿಯುವ ಹಕ್ಕು ಅಷ್ಟೆ.

ಯುರೋಪಿಯನ್ ಒಕ್ಕೂಟದಲ್ಲಿ ಟೈಮ್‌ಶೇರ್ ಒಪ್ಪಂದದಿಂದ ಹಿಂದೆ ಸರಿಯಲು 14 ದಿನ ಕಾಲಾವಕಾಶವಿದೆ, ಆ ಅವಧಿಯಲ್ಲಿ ಮುಂಗಡ ಪಡೆಯುವಂತೆಯೇ ಇಲ್ಲ. ಭಾರತದಲ್ಲಿ ಟೈಮ್‌ಶೇರ್‌ಗೇ ಮೀಸಲಾದ ಕಾನೂನಿಲ್ಲ. ಹಾಗಾಗಿ ಸಹಿಗೆ ಮುಂಚೆ ಹಣ ವಾಪಸಾತಿಯ ಅವಧಿ, ಶುಲ್ಕ ಏರಿಕೆಯ ಮಿತಿ, ಈ ಎರಡು ಷರತ್ತುಗಳನ್ನು ಓದಿಯೇ ಓದಿ. ಮಾತು ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಕಂಪನಿಯ ಕಚೇರಿ ಎಲ್ಲೇ ಇರಲಿ, ಬೆಂಗಳೂರಿನಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಗಡುವು ಎರಡು ವರ್ಷ. ಸಹಾಯವಾಣಿ 1915.