ಒಗಟಿನಿಂದ ರಸಪ್ರಶ್ನೆಗೆ

ಗೊತ್ತಿರುವುದನ್ನು ಹೇಳುವುದರಲ್ಲಿ ಮನುಷ್ಯನಿಗೆ ಒಂದು ಸಂತೋಷವಿದೆ. ಗೊತ್ತಿರುವುದನ್ನು ಬಚ್ಚಿಟ್ಟುಕೊಂಡು, "ಎಲ್ಲಿ, ನೀನು ಹೇಳು ನೋಡೋಣ" ಎಂದು ಇನ್ನೊಬ್ಬರನ್ನು ಕೇಳುವುದರಲ್ಲಿ ಅದಕ್ಕಿಂತಲೂ ಹೆಚ್ಚಿನ ಸಂತೋಷವಿದೆ. ಈ ಎರಡನೆಯ ಸಂತೋಷವೇ ಒಗಟಿಗೂ ಮೂಲ, ರಸಪ್ರಶ್ನೆಗೂ ಮೂಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಿಂದ ಬರುವ ನಾವು ಬಸ್ಸಿಗೆ ಕಾಯುವಾಗಲೂ ಊಟದ ಬಿಡುವಿನಲ್ಲಿಯೂ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಳ್ಳುವುದುಂಟು. ಇದನ್ನು ಕೆಲವರು ಕಾಲಹರಣವೆನ್ನುತ್ತಾರೆ. ಮತ್ತೆ ಕೆಲವರು ಉದ್ಯೋಗ ಪರೀಕ್ಷೆಗಳ ಸಿದ್ಧತೆಯೆನ್ನುತ್ತಾರೆ. ನನಗೆ ತೋರುವಂತೆ ಇದು ಎರಡೂ ಅಲ್ಲ. ಇದೊಂದು ಹಳೆಯ ಕಲೆ. ಇದಕ್ಕೆ ತನ್ನದೇ ಆದ ಧರ್ಮವಿದೆ. ಅದನ್ನು ಯಥಾಶಕ್ತಿ ವಿವರಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆಯ ಆಟ ನಿನ್ನೆ ಮೊನ್ನೆಯದಲ್ಲ. ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷನು ಕೊಳದ ದಡದಲ್ಲಿ ಕೇಳಿದ್ದು ಪ್ರಶ್ನೆಗಳನ್ನೇ. ಗದೆ ಗಾಂಡೀವಗಳಿಂದ ಆಗದಿದ್ದ ಕೆಲಸವನ್ನು ಅಲ್ಲಿ ಧರ್ಮರಾಯನ ಉತ್ತರಗಳು ಮಾಡಿದವು. ಗ್ರೀಕರ ಪುರಾಣದಲ್ಲಿ ಸ್ಫಿಂಕ್ಸ್ ಎಂಬ ವಿಚಿತ್ರ ಪ್ರಾಣಿ ದಾರಿಹೋಕರಿಗೆ ಒಗಟು ಹಾಕುತ್ತಿತ್ತು. ಅದನ್ನು ಬಿಡಿಸಿದವನು ಈಡಿಪಸ್. ವಾತ್ಸ್ಯಾಯನನು ಹೇಳಿದ 64 ಕಲೆಗಳಲ್ಲಿ ಪ್ರಹೇಳಿಕೆಯೂ ಒಂದು. ಕನ್ನಡದಲ್ಲಂತೂ ಅಲ್ಲಮಪ್ರಭುವಿನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ಇವೆಲ್ಲಕ್ಕೂ ಸಾಮಾನ್ಯವಾದ ಗುಣ ಒಂದೇ: ಕೇಳುವವನು ಉತ್ತರವನ್ನು ಮುಚ್ಚಿಡುತ್ತಾನೆ, ಆದರೆ ಪೂರ್ತಿ ಮುಚ್ಚುವುದಿಲ್ಲ. ಎಲ್ಲಿಯೋ ಒಂದು ಸಣ್ಣ ಬಿರುಕನ್ನು ಉಳಿಸಿರುತ್ತಾನೆ. ಅದರೊಳಗಿಂದ ಇಣುಕಿ ನೋಡುವುದೇ ಕೇಳಿಸಿಕೊಂಡವನ ಪಾಲಿನ ಕೆಲಸ.

ನಮ್ಮ ಮಲೆನಾಡಿನಲ್ಲಿ ಈ ಕಲೆಯ ಪಾಠಶಾಲೆ ಅಡಿಕೆ ಸುಲಿಯುವ ಅಂಗಳ. ಕೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಮೆಟ್ಟುಗತ್ತಿಗಳ ಸುತ್ತ ಜನ ಕುಳಿತರೆ, ನಿದ್ರೆಯನ್ನು ದೂರವಿಡಲು ಇದ್ದ ಉಪಾಯಗಳು ಕಥೆ ಮತ್ತು ಒಗಟು. ಈಗ ಅನೇಕ ಕಡೆ ಸುಲಿಯುವ ಯಂತ್ರ ಬಂದು ಆ ಕೂಟ ತೆಳುವಾಗಿದೆ. ಆದರೂ ಒಗಟುಗಳು ಹಿರಿಯರ ಬಾಯಲ್ಲಿ ಉಳಿದಿವೆ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಗಟಿನಲ್ಲಿ ಅವರನ್ನು ಸೋಲಿಸಿದವರನ್ನು ನಾನು ಕಾಣೆ.

ಒಗಟು ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು, ಹಳೆಯದನ್ನು ಬಿಟ್ಟು, ಆ ಮಾದರಿಯಲ್ಲಿ ನಾನೇ ಕಟ್ಟಿದ ಒಂದನ್ನು ಇಲ್ಲಿ ಇಡುತ್ತೇನೆ. "ಹಸುರಂಗಿ ತೊಟ್ಟು ಮೇಲಿನಿಂದ ಬಂದ, ಅಂಗಿ ಕಳಚಿ ಬಿಸಿನೀರಲ್ಲಿ ಮಿಂದ, ಮೈ ಕೆಂಪಾಗಿ ಪೇಟೆಗೆ ಸಂದ, ಯಾರವನು?" ಹಸುರಂಗಿಯ ವಸ್ತುಗಳು ನೂರಾರು. ಬಿಸಿನೀರಿನಲ್ಲಿ ಬೇಯುವುವೂ ಬಹಳ. ಆದರೆ ಮೇಲಿನಿಂದ ಇಳಿದು, ಸಿಪ್ಪೆ ಸುಲಿಸಿಕೊಂಡು, ಬೆಂದು, ಕೆಂಪಾಗಿ ಮಾರಾಟಕ್ಕೆ ಹೋಗುವುದು ನಮ್ಮ ಸೀಮೆಯಲ್ಲಿ ಅಡಿಕೆಯೊಂದೇ. ಒಂದೊಂದು ಸುಳಿವೂ ಬಿಡಿಯಾಗಿ ನಿಂತರೆ ಏನನ್ನೂ ಹೇಳದು. ಮೂರೂ ಕೂಡಿದರೆ ಉತ್ತರ ತಪ್ಪಿಸಿಕೊಳ್ಳಲಾರದು. ಇದೇ ಊಹೆಯ ವ್ಯಾಕರಣ. ಊಹೆಯೆಂದರೆ ಕತ್ತಲಲ್ಲಿ ಕಲ್ಲು ಎಸೆಯುವುದಲ್ಲ. ಆಗಲಾರದ್ದನ್ನು ಒಂದೊಂದಾಗಿ ಬಿಟ್ಟು ಆಗಬಹುದಾದದ್ದರ ಹತ್ತಿರ ಸರಿಯುವುದು.

ರಸಪ್ರಶ್ನೆ ಇದಕ್ಕಿಂತ ಕಿರಿಯ ತಂಗಿ. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಆರಂಭವಾಯಿತು. ದೂರದರ್ಶನದಲ್ಲಿ 1985ರಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಬಂದಿತು. ಆದರೆ ಹಳ್ಳಿಯ ಮನೆಗಳಿಗೆ ಈ ವಿನೋದವನ್ನು ಕನ್ನಡದಲ್ಲಿಯೇ ತಂದುಕೊಟ್ಟ ಕೀರ್ತಿ ಚಂದನ ವಾಹಿನಿಯಲ್ಲಿ 2002ರಲ್ಲಿ ಮೊದಲಾದ 'ಥಟ್ ಅಂತ ಹೇಳಿ' ಕಾರ್ಯಕ್ರಮಕ್ಕೆ ಸಲ್ಲಬೇಕು. ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ಈ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಬಹುಮಾನವಾಗಿ ಕೊಡುತ್ತಿದ್ದದ್ದು ಪುಸ್ತಕ. ಕೋಟಿ ರೂಪಾಯಿಯ ಆಸೆ ತೋರಿಸುವ ಕಾರ್ಯಕ್ರಮಗಳ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇಂಗ್ಲಿಷಿನಲ್ಲಿ ಇಂಥ ಬಿಡಿ ಸಂಗತಿಗಳಿಗೆ 'ಟ್ರಿವಿಯ' ಎನ್ನುತ್ತಾರೆ. ಅದರ ಬೇರು ಲ್ಯಾಟಿನ್ನಿನಲ್ಲಿದೆ: ಮೂರು ದಾರಿಗಳು ಕೂಡುವ ಸ್ಥಳವೆಂದು ಅರ್ಥ. ಅಂಥ ಕೂಡುದಾರಿಯಲ್ಲಿ ಎಲ್ಲರಿಗೂ ಸಿಕ್ಕುವಂಥದ್ದು, ಸಾಮಾನ್ಯವಾದದ್ದು, ಎಂಬ ಭಾವ ಆ ಮಾತಿಗೆ ಬಂದಿತು. ಮೂರು ತಾಲ್ಲೂಕುಗಳ ಮಕ್ಕಳು ಕೂಡುವ ನಮ್ಮ ಕಾಲೇಜಿಗೆ ಇದಕ್ಕಿಂತ ಒಪ್ಪುವ ಪದ ಬೇಕೆ?

ಇಲ್ಲಿಯೇ ಒಂದು ತೊಡಕನ್ನು ಹೇಳಬೇಕು. ಒಗಟು ಎಲ್ಲರಿಗೂ ಸೇರಿದ್ದು, ರಸಪ್ರಶ್ನೆ ಹಾಗಾಗಿಲ್ಲ. "ಇಂಥ ದೇಶದ ನಾಣ್ಯ ಯಾವುದು? ಇಂಥ ವರ್ಷ ಇಂಥ ಬಹುಮಾನ ಯಾರಿಗೆ ಬಂದಿತು?" ಎಂಬ ಬಗೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಷ್ಟು ಯೋಚಿಸಿದರೂ ಬಾಗಿಲು ತೆರೆಯದು. ಮನೆಯಲ್ಲಿ ಪುಸ್ತಕದ ಕಪಾಟು ಇದ್ದವನು, ಚಿಕ್ಕಂದಿನಿಂದ ದಿನಪತ್ರಿಕೆ ಓದಿದವನು ಮುಂದೆ ಬರುತ್ತಾನೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತೇವೆ. ನಮಗೆ ಏನೂ ತಿಳಿಯದೆಂದು ನಾವೇ ನಂಬಿಬಿಡುತ್ತೇವೆ. ವಿನೋದಕ್ಕಾಗಿ ಹುಟ್ಟಿದ ಆಟ ಹೀಗೆ ಅರ್ಧ ತರಗತಿಯ ಬಾಯಿ ಕಟ್ಟುವುದಾದರೆ ಅದು ವಿನೋದವಾಗಿ ಉಳಿಯಲಾರದು. ಇದಕ್ಕೆ ಪರಿಹಾರ ನಮ್ಮ ಅಂಗಳದಲ್ಲಿಯೇ ಇದೆ. ರಸಪ್ರಶ್ನೆಯನ್ನು ಒಗಟಿನಂತೆ ಕಟ್ಟಬೇಕು. ಉತ್ತರ ಗೊತ್ತಿಲ್ಲದವನೂ ತನ್ನ ಬದುಕಿನ ಅನುಭವದಿಂದ ಅದನ್ನು ತಲುಪುವಂತಿರಬೇಕು. ನಮ್ಮ ಮೂರು ತಾಲ್ಲೂಕುಗಳಿಂದಲೇ ಕೆಲವು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು: ಕುವೆಂಪು ಅವರು ಹುಟ್ಟಿದ್ದು ಯಾವ ತಾಲ್ಲೂಕಿನಲ್ಲಿ? ಹತ್ತರಲ್ಲಿ ಎಂಟು ಜನ ತತ್‌ಕ್ಷಣ ಕುಪ್ಪಳಿಯನ್ನು ನೆನೆದು ತೀರ್ಥಹಳ್ಳಿ ಎನ್ನುತ್ತಾರೆ. ಕುಪ್ಪಳಿ ಅವರು ಬೆಳೆದ ಮನೆ, ನಿಜ. ಆದರೆ 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. "ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಾರೆ?" ಎಂದು ಒಂದು ಸುಳಿವು ಕೊಟ್ಟರೆ ಸಾಕು, ತಾಯಿಯ ತವರು ಯಾವುದೆಂದು ಕೇಳುವ ಬುದ್ಧಿ ತಾನಾಗಿಯೇ ಬರುತ್ತದೆ. ಹಿರೇಕೊಡಿಗೆ ಅವರ ತಾಯಿಯ ತವರೂರು.

ಎರಡನೆಯದು: ಪಟ್ಟವೇರದ ಯುವರಾಜನೊಬ್ಬನ ಹೆಸರನ್ನು ಹೊತ್ತ ಪೇಟೆ ಯಾವುದು? ನರಸಿಂಹರಾಜಪುರ. ಅದರ ಹಿಂದಿನ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಅದಕ್ಕೆ 1915ರಲ್ಲಿ ಇಟ್ಟರು. ಅವರು ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮ. 1940ರಲ್ಲಿ ಅಣ್ಣನಿಗಿಂತ ಕೆಲವು ತಿಂಗಳ ಮೊದಲೇ ತೀರಿಕೊಂಡದ್ದರಿಂದ ಸಿಂಹಾಸನ ಅವರ ಮಗ ಜಯಚಾಮರಾಜ ಒಡೆಯರಿಗೆ ಬಂದಿತು. ಇದಕ್ಕೆ ಜೋಡಿಯಾಗಿ ಇನ್ನೊಂದನ್ನೂ ಕೇಳಬಹುದು: ರೈಲನ್ನೇ ಕಾಣದ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೆ ಹಿಂದೆ ರೈಲು ಬರುತ್ತಿತ್ತು, ಯಾವುದಕ್ಕೆ? ಭೂಪಟವನ್ನು ಮನಸ್ಸಿನಲ್ಲಿ ಬಿಡಿಸಿ ನೋಡಿ. ಬೀರೂರು-ಶಿವಮೊಗ್ಗ ರೈಲುದಾರಿ ತರೀಕೆರೆಯ ಮೇಲೆ ಹಾದುಹೋಗುತ್ತದೆ. ಅದಕ್ಕೆ ಹತ್ತಿರವಿದ್ದು, ಘಟ್ಟದ ಒಳಸುತ್ತಿಗೆ ಸೇರದ ಪೇಟೆ ನರಸಿಂಹರಾಜಪುರವೇ. ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಗಾಡಿ ಓಡುತ್ತಿತ್ತು.

ಮೂರನೆಯದು ಶೃಂಗೇರಿಯದು. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಮಾಡಿದ ಮೇಲೆ ಟೀಪು ಸುಲ್ತಾನನು ಮಠದ ಸ್ವಾಮಿಗಳಿಗೆ ಬರೆದ ಪತ್ರಗಳು ಯಾವ ಭಾಷೆಯಲ್ಲಿವೆ? ಸುಲ್ತಾನನೆಂದ ಕೂಡಲೇ ಹೆಚ್ಚಿನವರು ಪಾರಸಿ ಎನ್ನುತ್ತಾರೆ. ಮಠವೆಂದ ಕೂಡಲೇ ಕೆಲವರು ಸಂಸ್ಕೃತ ಎನ್ನುತ್ತಾರೆ. ಇಬ್ಬರೂ ಬರೆದವನನ್ನೋ ಓದುವವರನ್ನೋ ನೋಡಿದರು. ಇಬ್ಬರ ನಡುವೆ ಇದ್ದ ನಾಡನ್ನು ನೋಡಲಿಲ್ಲ. ಪತ್ರಗಳು ಕನ್ನಡದಲ್ಲಿವೆ. 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು.

ನಾಲ್ಕನೆಯದು ನನಗೆ ಅತ್ಯಂತ ಪ್ರಿಯವಾದದ್ದು. ಫ್ರಾನ್ಸಿನ ದ್ರಾಕ್ಷಿ ತೋಟಕ್ಕೂ ಕೊಪ್ಪದ ಅಡಿಕೆ ತೋಟಕ್ಕೂ ಏನು ನಂಟು? ಇದನ್ನು ಒಮ್ಮೆ ನಮ್ಮ ಗುಂಪಿನಲ್ಲಿ ಕೇಳಿದಾಗ, ಪತ್ರಿಕೆ ಓದುವವರೆಲ್ಲ ಮುಖ ಮುಖ ನೋಡಿಕೊಂಡರು. ಉತ್ತರ ಕೊಟ್ಟವನು ಎಂದೂ ಬಾಯಿ ಬಿಡದಿದ್ದ ಒಬ್ಬ ಗೆಳೆಯ. ಅವನ ತಂದೆ ಮಳೆಗಾಲದಲ್ಲಿ ಮರ ಹತ್ತಿ ಔಷಧಿ ಹೊಡೆಯುವವರು. "ಬೋರ್ಡೋ ದ್ರಾವಣ ಅಲ್ಲವೇನೋ? ಬೋರ್ಡೋ ಅಂದರೆ ಊರಿನ ಹೆಸರಿರಬೇಕು" ಎಂದ. ಸರಿಯಾದ ಊಹೆ. ಬೋರ್ಡೋ ಫ್ರಾನ್ಸಿನ ಪಟ್ಟಣ. ಅಲ್ಲಿಯ ಸೀಮೆಯಲ್ಲಿ ದಾರಿಯಂಚಿನ ದ್ರಾಕ್ಷಿಯನ್ನು ಕಳ್ಳರು ಮುಟ್ಟದಿರಲೆಂದು ಮೈಲುತುತ್ತ ಸುಣ್ಣ ಕಲಸಿ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ತಗಲದೆ ಇದ್ದುದನ್ನು ಸಸ್ಯವಿಜ್ಞಾನಿಯೊಬ್ಬ ಕಂಡು, 1885ರಲ್ಲಿ ಆ ಮಿಶ್ರಣವನ್ನು ಲೋಕಕ್ಕೆ ತಿಳಿಸಿದ. ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ಬಳಸಬಹುದೆಂದು 1910ರ ಸುಮಾರಿಗೆ ತೋರಿಸಿಕೊಟ್ಟವರು ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದಿದ್ದ ಡಾ. ಲೆಸ್ಲಿ ಕೋಲ್ಮನ್. ಅದಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ರೈತನಿಗಿದ್ದ ದಾರಿ. ಕೇಳಿಸಿಕೊಂಡ ನಮಗೆಲ್ಲ ದಿನವೂ ನೋಡುವ ನೀಲಿ ನೀರಿನ ಹಿಂದೆ ಒಂದು ಲೋಕವೇ ಇರುವುದು ತಿಳಿಯಿತು. ಆ ಗೆಳೆಯ ಅಂದಿನಿಂದ ಪ್ರಶ್ನೆ ಕೇಳುವವರ ಸಾಲಿಗೆ ಸೇರಿದ್ದಾನೆ. ಅವನು ಅಪ್ಪನ ಕೆಲಸದಿಂದಲೇ ಪ್ರಶ್ನೆ ತೆಗೆಯುತ್ತಾನೆ, ನಾವು ಸೋಲುತ್ತೇವೆ.

ಇನ್ನು ಕೇಳುವವನ ಕರ್ತವ್ಯಗಳು. ಮೊದಲನೆಯದು, ಪ್ರಶ್ನೆಯೊಳಗೆ ಉತ್ತರಕ್ಕೆ ದಾರಿಯಿರಬೇಕು. ಎರಡನೆಯದು, ಉತ್ತರ ಕೇಳಿದಾಗ ಸೋತವನೂ "ಅಯ್ಯೋ, ಇದು ನನಗೆ ಹೊಳೆಯಬೇಕಿತ್ತು" ಎನ್ನಬೇಕು, "ಇದು ನನಗೆ ಹೇಗೆ ಗೊತ್ತಾಗಬೇಕು?" ಎನ್ನುವಂತೆ ಆಗಬಾರದು. ಮೂರನೆಯದು, ತಪ್ಪು ಉತ್ತರಕ್ಕೆ ನಗಬಾರದು. ಒಳ್ಳೆಯ ತಪ್ಪು ಉತ್ತರ ಅನೇಕ ವೇಳೆ ಸರಿಯುತ್ತರದ ಪಕ್ಕದ ಮನೆಯಲ್ಲಿರುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕೇಳುವವನ ಬಳಿ ಆಧಾರವಿರಬೇಕು.

ಈ ಕೊನೆಯ ಮಾತಿಗೆ 'ಕ್ವಿಜ್' ಎಂಬ ಪದವೇ ಸಾಕ್ಷಿ. 1791ರಲ್ಲಿ ಡಬ್ಲಿನ್ನಿನ ನಾಟಕಶಾಲೆಯ ಯಜಮಾನನೊಬ್ಬ, ಅರ್ಥವಿಲ್ಲದ ಪದವೊಂದನ್ನು ಒಂದೇ ದಿನದಲ್ಲಿ ಊರಿಗೆಲ್ಲ ಹಬ್ಬಿಸುತ್ತೇನೆಂದು ಪಣತೊಟ್ಟು, ರಾತ್ರೋರಾತ್ರಿ ಗೋಡೆಗಳ ಮೇಲೆ ಇದನ್ನು ಬರೆಸಿದನೆಂಬ ಕಥೆ ಬಹಳ ಕಡೆ ಕಾಣುತ್ತದೆ. ಕಥೆ ಸೊಗಸಾಗಿದೆ, ಆದರೆ ಫ್ಯಾನಿ ಬರ್ನಿ ಎಂಬ ಲೇಖಕಿಯ ದಿನಚರಿಯಲ್ಲಿ 1782ರಲ್ಲಿಯೇ ಆ ಪದವಿದೆ. ಕಥೆಗಿಂತ ಒಂಬತ್ತು ವರ್ಷ ಹಿರಿಯದಾದ ಪದ ಆ ಕಥೆಯಿಂದ ಹುಟ್ಟುವುದು ಹೇಗೆ? ಸೊಗಸಾದುದೆಲ್ಲ ಸತ್ಯವಲ್ಲ. ಇಂದು ಮೊಬೈಲಿನಲ್ಲಿ ಬಂದದ್ದನ್ನು ಹಾಗೆಯೇ ಮುಂದಕ್ಕೆ ಕಳಿಸುವ ನಮಗೆ ಈ ಎಚ್ಚರ ಹಿಂದೆಂದಿಗಿಂತಲೂ ಹೆಚ್ಚು ಬೇಕು. ಪ್ರಶ್ನೆಯ ಆಟ ಆ ಎಚ್ಚರವನ್ನು ನಗುನಗುತ್ತ ಕಲಿಸುತ್ತದೆ. ಏಕೆಂದರೆ ಆಧಾರವಿಲ್ಲದ ಪ್ರಶ್ನೆ ಕೇಳಿದವನನ್ನು ಗೆಳೆಯರು ಸುಮ್ಮನೆ ಬಿಡುವುದಿಲ್ಲ.

ಆದುದರಿಂದ ನನ್ನ ಸಹಪಾಠಿಗಳಲ್ಲಿ ಒಂದು ವಿನಂತಿ. ಪ್ರಶ್ನೆಗಾಗಿ ದಪ್ಪ ಪುಸ್ತಕವನ್ನೇ ಹುಡುಕಬೇಡಿ. ಈ ರಜೆಯಲ್ಲಿ ಮನೆಯ ಹಿರಿಯರನ್ನು ಮಾತಿಗೆಳೆಯಿರಿ. ತೋಟ, ಗದ್ದೆ, ಅಡಿಗೆಮನೆ, ಊರಿನ ಹೆಸರು, ಹಳೆಯ ದಾರಿ ಇವುಗಳಿಂದ ಒಬ್ಬೊಬ್ಬರು ಒಂದೊಂದು ಪ್ರಶ್ನೆ ತನ್ನಿ. ಕೇಳಿ ತಂದದ್ದನ್ನು ಗ್ರಂಥಾಲಯದಲ್ಲಿ ತಾಳೆ ನೋಡಿ. ಅಧ್ಯಾಪಕರು ತಿದ್ದಿಕೊಡುವರೆಂಬ ನಂಬಿಕೆ ನನಗಿದೆ.

ಪ್ರಶ್ನೆಯ ವಿಷಯ ಬರೆದು ಪ್ರಶ್ನೆ ಕೇಳದೆ ಮುಗಿಸುವುದು ನ್ಯಾಯವಲ್ಲ. ಇಗೋ ಒಂದು: ಶೃಂಗೇರಿಯಲ್ಲಿ ಹೊಳೆಗೆ ಒಂದು ಎಲೆ ಬಿಡಿ, ಬಾಳೆಹೊನ್ನೂರಿನಲ್ಲಿ ಹೊಳೆಗೆ ಇನ್ನೊಂದು ಎಲೆ ಬಿಡಿ. ಅಣೆಕಟ್ಟುಗಳನ್ನು ಹೇಗೋ ದಾಟಿದುವೆಂದು ಇಟ್ಟುಕೊಂಡರೆ, ಆ ಎರಡು ಎಲೆಗಳು ಮೊದಲು ಭೇಟಿಯಾಗುವ ಊರು ಯಾವುದು? ಸುಳಿವು ಆ ಊರಿನ ಹೆಸರಿನಲ್ಲಿಯೇ ಇದೆ.