ಮೀನನ್ನು ಕೆಡದಂತೆ ಒಣಗಿಸುವ ಬಗೆ



ಬೇಸಿಗೆಯಲ್ಲಿ ಕೆರೆಕುಂಟೆಗಳ ನೀರು ಇಳಿದಾಗ ಮೀನೆಲ್ಲ ಒಮ್ಮೆಲೇ ಬಲೆಗೆ ಬೀಳುತ್ತದೆ. ಸಂತೆಗೆ ರಾಶಿ ಮೀನು ಬಂದಾಗ ಬೆಲೆ ಇಳಿಯುತ್ತದೆ; ಮಾರದೆ ಉಳಿದದ್ದು ಸಂಜೆಯೊಳಗೆ ನಾರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಜಲಾಶಯದ ಮೀನೂ ನಮ್ಮ ಸೀಮೆಗೆ ಬರುತ್ತಿದೆ. ಅಗ್ಗವಾಗಿದ್ದಾಗ ಒಣಗಿಸಿಟ್ಟರೆ, ಕೂಲಿಯಿಲ್ಲದ ದಿನಗಳಲ್ಲಿ ಅದೇ ಮನೆಯವರ ಪುಷ್ಟಿಯ ಆಹಾರ.

"ಬಿಸಿಲಿಗೆ ಹರವಿದರಾಯಿತು, ಇದರಲ್ಲಿ ಕಲಿಯುವುದೇನು?" ಎಂದು ನೀವು ಕೇಳಬಹುದು. ಕಲಿಯುವುದು ಇದೆ.

ಬಹುದೂರದ ಉತ್ತರದಲ್ಲಿ ಐಸ್‌ಲೆಂಡ್ ಎಂಬ ದ್ವೀಪವಿದೆ. ಅಲ್ಲಿನ ಜನ ಕಾಡ್ ಮುಂತಾದ ಕಡಲಮೀನುಗಳನ್ನು ಮರದ ಚೌಕಟ್ಟಿಗೆ ತೂಗುಹಾಕಿ ವಾರಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ಅದರ ಹೆಸರು ಹಾರ್ಡ್‌ಫಿಸ್ಕುರ್, ಅಂದರೆ 'ಗಟ್ಟಿ ಮೀನು'. ಅದನ್ನು ಕುಟ್ಟಿ ಮೆತ್ತಗೆ ಮಾಡಿ, ಎಳೆಎಳೆಯಾಗಿ ಹರಿದು, ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಾರೆ. ಅಂಥ ಮೀನಿನ 100 ಗ್ರಾಂನಲ್ಲಿ ಸುಮಾರು 80 ಗ್ರಾಂ ಸಸಾರಜನಕವೇ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಅವರು ಉಪ್ಪನ್ನು ಅವಲಂಬಿಸಿದವರಲ್ಲ. ಅಲ್ಲಿನ ಗಾಳಿ ಹಿಮದಷ್ಟು ತಣ್ಣಗಿರುವುದರಿಂದ ಮೀನು ಕೊಳೆಯುವ ಮೊದಲೇ ಒಣಗುತ್ತದೆ.

ನಮ್ಮಲ್ಲಿ ಹಾಗಲ್ಲ. ಹಸಿ ಮೀನಿನ ತೂಕದ ಮುಕ್ಕಾಲು ಪಾಲು ನೀರು. ನಮ್ಮ ಸೆಕೆಯಲ್ಲಿ ಆ ನೀರು ಆರುವ ಮೊದಲೇ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಇನ್ನೊಂದು ತೊಂದರೆಯೂ ಉಂಟು. ಬಳ್ಳಾರಿಯ ನಡುಹಗಲ ಬಿಸಿಲಿಗೆ ಮೀನಿನ ಮೈ ಬೇಗ ಗಟ್ಟಿಯಾಗಿ, ಒಳಗಿನ ತೇವ ಹೊರಬರಲು ದಾರಿಯಿಲ್ಲದಂತಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಕೊಳೆಯುತ್ತಿರುತ್ತದೆ. ಆದುದರಿಂದ ನಮಗೆ ಉಪ್ಪು ಬೇಕು, ಗಾಳಿ ಬೇಕು, ನಡುಹಗಲಿಗೆ ನೆರಳೂ ಬೇಕು.

ಒಣಗಿಸುವ ಕ್ರಮ

1. ಅಂದೇ ಹಿಡಿದ ಮೀನನ್ನೇ ಆರಿಸಿ. ಕಿವಿರು ಕೆಂಪಾಗಿರಬೇಕು, ಕಣ್ಣು ಹೊಳೆಯುತ್ತಿರಬೇಕು. ಕೆಟ್ಟ ಮೀನು ಒಣಗಿಸಿದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ.

2. ಹುರುಪೆ, ಕಿವಿರು, ಕರುಳು ತೆಗೆದು ಶುದ್ಧ ನೀರಿನಲ್ಲಿ ತೊಳೆಯಿರಿ. ಕಟ್ಲಾ, ರೋಹುಗಳಂಥ ದೊಡ್ಡ ಮೀನನ್ನು ಬೆನ್ನಿನ ಕಡೆಯಿಂದ ಸೀಳಿ ಹರವಿ. ದಪ್ಪ ಮಾಂಸಕ್ಕೆ ಗೀರು ಹಾಕಿ.

3. ಒಂದು ಕಿಲೋ ಮೀನಿಗೆ ಕಾಲು ಕಿಲೋ ಉಪ್ಪು ತಿಕ್ಕಿ, ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಪದರಪದರವಾಗಿ ಜೋಡಿಸಿ ಒಂದು ದಿನ ಮುಚ್ಚಿಡಿ. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಬೆರಳುದ್ದದ ಸಣ್ಣ ಮೀನಾದರೆ ಒಂದು ಲೀಟರ್ ನೀರಿಗೆ ಸುಮಾರು 350 ಗ್ರಾಂ ಉಪ್ಪು ಕರಗಿಸಿ, ಅದರಲ್ಲಿ ಎರಡು ತಾಸು ನೆನೆಯಿಟ್ಟರೆ ಸಾಕು. ಆಮೇಲೆ ಮೇಲಿನ ಉಪ್ಪು ಹೋಗುವಷ್ಟು ಒಮ್ಮೆ ಜಾಲಿಸಿ.

4. ನೆಲದ ಮೇಲೆ ಹರವಬೇಡಿ. ಸೊಂಟದೆತ್ತರಕ್ಕೆ ಬಿದಿರಿನ ತಡಿಕೆ ಕಟ್ಟಿ, ಮೇಲೆ ಬಲೆ ಹಾಸಿ. ಹಗ್ಗದ ಮಂಚವಾದರೂ ಆದೀತು. ಗಾಳಿ ಮೇಲೂ ಕೆಳಗೂ ಆಡಬೇಕು. ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ನೊಣ ಕೂರದಂತೆ ಸೊಳ್ಳೆಪರದೆ ಹೊದಿಸಿ. ಕುಡತಿನಿಯ ಸುತ್ತ ಲಾರಿಗಳ ಧೂಳು, ಶಾಖೋತ್ಪನ್ನ ಸ್ಥಾವರದ ಬೂದಿ ಹಾರುವುದುಂಟು. ತಡಿಕೆ ರಸ್ತೆಯಿಂದ ದೂರವಿರಲಿ.

5. ಬೆಳಗಿನ ಮತ್ತು ಇಳಿಹೊತ್ತಿನ ಬಿಸಿಲು ಕೊಡಿ. ನಡುಹಗಲು ಮೇಲೆ ನೆರಳು ಕಟ್ಟಿ. ಆಗಾಗ ಮಗುಚಿಹಾಕಿ. ರಾತ್ರಿ ಒಳಗೆ ತಂದು ಮುಚ್ಚಿಡಿ. ಸಣ್ಣ ಮೀನು ಎರಡು ಮೂರು ದಿನಕ್ಕೆ, ಸೀಳಿದ ಮೀನು ಐದಾರು ದಿನಕ್ಕೆ ಒಣಗುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಗುರುತು ಬೀಳಬಾರದು.

6. ಚೆನ್ನಾಗಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬಿಸಿಲು ಕಂಡಾಗಲೆಲ್ಲ ಮತ್ತೆ ಒಣಗಿಸಿ. ಬೂಷ್ಟು ಹಿಡಿದದ್ದನ್ನೂ ಕೆಂಪು ಬಣ್ಣಕ್ಕೆ ತಿರುಗಿದ್ದನ್ನೂ ತಿನ್ನಬೇಡಿ.

ಒಂದು ಎಚ್ಚರಿಕೆ

ಹುಳು ಬೀಳದಿರಲೆಂದು ಹತ್ತಿಗೆ, ಮೆಣಸಿನ ಗಿಡಕ್ಕೆ ಬಳಸುವ ಔಷಧಿಯನ್ನು ಮೀನಿಗೆ ಸೋಂಕಿಸಲೂ ಬಾರದು. ಅದು ವಿಷ. ತೊಳೆದ ಮಾತ್ರಕ್ಕೆ ಹೋಗುವುದಿಲ್ಲ, ಬೇಯಿಸಿದರೂ ಹೋಗುತ್ತದೆಂದು ನಂಬುವಂತಿಲ್ಲ. ಔಷಧಿಯ ಖಾಲಿ ಡಬ್ಬಿಯಲ್ಲಿ ಮೀನು ತುಂಬಿಡುವುದೂ ಅಷ್ಟೇ ಅಪಾಯ. ನೊಣಕ್ಕೆ ಪರದೆ, ಹುಳುವಿಗೆ ಉಪ್ಪು ಮತ್ತು ಬಿಸಿಲು. ಇವೇ ಸಾಕಾದ ಮದ್ದು.

ತಿನ್ನುವ ಬಗೆ

ಐಸ್‌ಲೆಂಡಿನವರಂತೆ ಇದನ್ನು ಹಾಗೆಯೇ ತಿನ್ನಬೇಡಿ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು ಉಪ್ಪು ತೆಗೆಯಿರಿ. ರಕ್ತದ ಒತ್ತಡ ಇರುವವರು ಉಪ್ಪುಮೀನನ್ನು ಮಿತಿಯಲ್ಲಿ ತಿನ್ನುವುದು ಲೇಸು. ಬಳಿಕ ಹಂಚಿನ ಮೇಲಾಗಲಿ ಕೆಂಡದ ಮೇಲಾಗಲಿ ಪೂರ್ತಿ ಬೇಯುವಂತೆ ಸುಟ್ಟು, ಮುಳ್ಳು ಬಿಡಿಸಿ ಎಳೆ ಮಾಡಿ.

ಜೊತೆಗೆ ಒಂದು ಮೆತ್ತನೆಯ ಚಟ್ನಿ: ಹುರಿದು ಸಿಪ್ಪೆ ತೆಗೆದ ಒಂದು ಬಟ್ಟಲು ಶೇಂಗಾ, ಐದಾರು ಎಸಳು ಬೆಳ್ಳುಳ್ಳಿ, ಎರಡು ಒಣಮೆಣಸಿನಕಾಯಿ, ಸ್ವಲ್ಪ ಹುಣಸೆಹಣ್ಣು. ಇವನ್ನು ನೀರು ಚಿಮುಕಿಸುತ್ತ ಬೆಣ್ಣೆಯಂತೆ ನುಣ್ಣಗೆ ಅರೆದು, ಒಂದು ಚಮಚ ಬೆಣ್ಣೆ ಕಲಸಿ. ಉಪ್ಪು ಹಾಕಬೇಡಿ, ಮೀನಿನ ಉಪ್ಪೇ ಸಾಕು. ಬಿಸಿ ಜೋಳದ ರೊಟ್ಟಿಗೆ ಇದನ್ನು ಸವರಿ ಮೀನಿನ ಎಳೆ ಇಟ್ಟುಕೊಂಡು ತಿಂದು ನೋಡಿ.

ಮೊದಲ ಸಲ ಎರಡು ಕಿಲೋ ಮೀನಿನಿಂದ ಆರಂಭಿಸಿ. ಕೈ ಕುದುರಿದ ಮೇಲೆ ನೆರೆಹೊರೆಯವರಿಗೂ ತೋರಿಸಿಕೊಡಿ. ಒಂದು ತಡಿಕೆ, ಒಂದು ಪರದೆ, ಒಂದಿಷ್ಟು ಉಪ್ಪು: ಇಷ್ಟಿದ್ದರೆ ಬುಟ್ಟಿ ಮೀನನ್ನು ತಿಪ್ಪೆಗೆ ಸುರಿಯುವ ಸಂಕಟ ತಪ್ಪುತ್ತದೆ.